ಒಂದೇ ಸಿಬಿಜಿ ಘಟಕಕ್ಕೆ ಮೆಗಾಜೂಲ್‌ಗೆ 153 ಗ್ರಾಂ, ಮೈನಸ್ 300 ಗ್ರಾಂ: ಯಾವ ಲೆಕ್ಕ ಸರಿ?

ತಿಪ್ಪೆಗುಂಡಿ_ಹಾಸನ:

ಹಾಸನ–ಬೇಲೂರು ರಸ್ತೆ ಕಡೆಯ ಒಂದು ಸಿಬಿಜಿ (ಜೈವಿಕ ಅನಿಲವನ್ನು ಶುದ್ಧಮಾಡಿ ಒತ್ತಡದಲ್ಲಿ ತುಂಬಿದ ಇಂಧನ) ಘಟಕದ ಲೆಕ್ಕ ಇದು. ಇಲ್ಲಿವರೆಗೆ ಗ್ಯಾಸ್ ಸುತ್ತಮುತ್ತಲೇ ಮಾರಾಟವಾಗುತ್ತಿತ್ತು. ಈಗ ಮಂಗಳೂರು ಬಂದರಿನ ಕಡೆಯ ಖರೀದಿದಾರರೊಬ್ಬರು ಕೇಳಿದ್ದಾರೆ. ಯುರೋಪಿಗೆ ಹೋಗುವ ಹಡಗುಗಳಿಗೆ ಬೇಕಂತೆ. ದರದ ಮಾತಿಗೆ ಮೊದಲೇ ಅವರ ಪ್ರಶ್ನೆ, "ಮೆಗಾಜೂಲ್‌ಗೆ ಎಷ್ಟು ಗ್ರಾಂ ಸಿಒ2 ಸಮಾನ?" ಅಂದರೆ ಇಂಧನದ ಒಂದು ಮೆಗಾಜೂಲ್ (ಎಂಜೆ) ಶಕ್ತಿಗೆ ಎಷ್ಟು ಹಸಿರುಮನೆ ಅನಿಲ ಹೊರಬರುತ್ತದೆ, ಎಲ್ಲವನ್ನೂ ಸಿಒ2 ಲೆಕ್ಕಕ್ಕೆ ತಂದು. ಇಬ್ಬರು ಸಲಹೆಗಾರರು ಲೆಕ್ಕ ಹಾಕಿದರು. ಒಬ್ಬರದು 153, ಇನ್ನೊಬ್ಬರದು ಮೈನಸ್ 300ಕ್ಕೂ ಕೆಳಗೆ. ಸಗಣಿ ಅದೇ, ಮೆಷಿನ್ ಅದೇ.

ಕಾಫಿ ಸೀಸನ್ನಿನ ಒಂದು ದಿನದ ಅಂಕಿ:

ಸಗಣಿ 60 ಟನ್, ಕಾಫಿ ಹಣ್ಣಿನ ಸಿಪ್ಪೆ (ಪಲ್ಪ್) 10 ಟನ್. ಡೈಜೆಸ್ಟರ್ (ಸಗಣಿ ಕೊಳೆಸುವ ಮುಚ್ಚಿದ ಟ್ಯಾಂಕ್) ಮೇಲಿನ ಮೀಟರ್ ತೋರಿಸುವ ಗ್ಯಾಸ್ 2,560 ಘನ ಮೀಟರ್, ಮೀಥೇನ್ ಶೇ. 55. ಕ್ಯಾಸ್ಕೇಡ್‌ಗೆ (ಸಿಲಿಂಡರ್‌ಗಳ ಗೊಂಚಲು) ತುಂಬುವ ಸಿಬಿಜಿ ತೂಕದಲ್ಲಿ 870 ಕೆಜಿ, ಅದರಲ್ಲಿ ಮೀಥೇನ್ ಶೇ. 95. ಶುದ್ಧೀಕರಣಕ್ಕೆ ವಿಪಿಎಸ್‌ಎ (ಒತ್ತಡ ಏರಿಳಿಸಿ ಸಿಒ2 ಬೇರ್ಪಡಿಸುವ ಯಂತ್ರ). ಕರೆಂಟ್ 1,000 ಯೂನಿಟ್, ಎಲ್ಲವೂ ಗ್ರಿಡ್‌ನದು. ಡೀಸೆಲ್: ಸಗಣಿ ಮತ್ತು ಸಿಪ್ಪೆ ತರಲು 60 ಲೀಟರ್, ಬಗ್ಗಡ (ಗ್ಯಾಸ್ ತೆಗೆದ ಮೇಲೆ ಉಳಿಯುವ ಸ್ಲರಿ) ವಾಪಸ್ ತೋಟಗಳಿಗೆ ಸಾಗಿಸಲು 40 ಲೀಟರ್, ಮಂಗಳೂರಿಗೆ ಕ್ಯಾಸ್ಕೇಡ್ ಲಾರಿ ಹೋಗಿಬರಲು ಸುಮಾರು 85 ಲೀಟರ್. ಬಗ್ಗಡ ತೆರೆದ ಹೊಂಡದಲ್ಲಿ ನಿಲ್ಲುತ್ತದೆ. ವಿಪಿಎಸ್‌ಎಯಿಂದ ಹೊರಬರುವ ಉಳಿಕೆ ಗ್ಯಾಸ್ ನೇರ ಗಾಳಿಗೆ.

153 ಹೇಳಿದವರ ವಾದ ಹೀಗಿದೆ: ಡೈಜೆಸ್ಟರಿನಲ್ಲಿ 1,010 ಕೆಜಿ ಮೀಥೇನ್ ಹುಟ್ಟುತ್ತದೆ, ಮಾರುವುದು 870 ಕೆಜಿ, ಉಳಿದ 140 ಕೆಜಿ ಸೋರುತ್ತಿದೆ. ಶೇ. 14 ಸೋರಿಕೆ ಅಂದರೆ ಘಟಕದ ಸುತ್ತ ನಿಲ್ಲೋಕೇ ಆಗಬಾರದು, ಅಲ್ವಾ? ತಪ್ಪು ಎಲ್ಲಿದೆ, ಯಾವ ನಿಯಮದ ಪ್ರಕಾರ ಲೆಕ್ಕ ಕೊಡಬೇಕು, ತಿಳಿದವರು ಹೇಳಿ. ಹೊಂಗೆ ಎಣ್ಣೆಯ ಬಯೋಡೀಸೆಲ್‌ಗೂ ಇದೇ ಕ್ರಮವಾ ಅನ್ನುವುದೂ ಗೊತ್ತಾದರೆ ಒಳ್ಳೆಯದು.

ಅಳತೆ_ಮೊದಲು:

ನಿಯಮದ ಮಾತು ಆಮೇಲೆ. ಮೊದಲು ಮೀಟರ್. ನಿಮ್ಮ 140 ಕೆಜಿ ಸೋರಿಕೆಯಲ್ಲಿ ಬಹುಪಾಲು ನಿಜವಾಗಿ ಇಲ್ಲ. ಎರಡು ತಪ್ಪು ಒಂದರ ಮೇಲೊಂದು ಕೂತಿವೆ.

ಮೊದಲನೆಯದು ಘನ ಮೀಟರ್. ಮೀಥೇನ್ ಒಂದು ಘನ ಮೀಟರ್‌ಗೆ 0.717 ಕೆಜಿ ಅನ್ನುವುದು 0 ಡಿಗ್ರಿ ಉಷ್ಣತೆ, 1,013 ಮಿಲಿಬಾರ್ ಒತ್ತಡ, ತೇವವಿಲ್ಲದ ಗ್ಯಾಸಿಗೆ ಮಾತ್ರ. ನಿಮ್ಮ ಗ್ಯಾಸ್ 30 ಡಿಗ್ರಿಯಲ್ಲಿ ನೀರಾವಿ ತುಂಬಿಕೊಂಡು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ 905 ಮಿಲಿಬಾರ್ ಆಸುಪಾಸು. ಡೈಜೆಸ್ಟರ್ ಒಳಗಿನ ಹೆಚ್ಚುವರಿ ಒತ್ತಡ 15 ಸೇರಿಸಿದರೆ 920. 30 ಡಿಗ್ರಿಯಲ್ಲಿ ನೀರಾವಿಯ ಪಾಲು 42 ಮಿಲಿಬಾರ್. ಹಾಗಾಗಿ:

2,560 × (273 ÷ 303) × (920 ÷ 1,013) × (878 ÷ 920) = ಸುಮಾರು 2,000 ನಾರ್ಮಲ್ ಘನ ಮೀಟರ್.

ಅದರ ಶೇ. 55 ಅಂದರೆ 1,100. ತೂಕದಲ್ಲಿ 788 ಕೆಜಿ ಮೀಥೇನ್. 1,010 ಅಲ್ಲ. ಕರಾವಳಿಯಲ್ಲಿ ಕೂತು ತಯಾರಿಸಿದ ಎಕ್ಸೆಲ್ ಹಾಳೆಯನ್ನು ಘಟ್ಟದ ಮೇಲೆ ತಂದು ಹಾಗೇ ಬಳಸಿದರೆ ಒತ್ತಡದ ವ್ಯತ್ಯಾಸವೊಂದೇ ಶೇ. 10ರಷ್ಟು ತಪ್ಪಿಸುತ್ತದೆ. ಚಿಕ್ಕಮಗಳೂರಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು. ನಿಮ್ಮ ಮೀಟರ್ ಥರ್ಮಲ್ ಮಾಸ್ ಮಾದರಿಯದಾದರೆ ಒತ್ತಡ, ಉಷ್ಣತೆಯ ತಿದ್ದುಪಡಿ ಅದೇ ಮಾಡಿಕೊಳ್ಳುತ್ತದೆ. ಆದರೆ ಅದನ್ನು ಯಾವ ಮಿಶ್ರಣಕ್ಕೆ ಕ್ಯಾಲಿಬ್ರೇಟ್ ಮಾಡಿದ್ದಾರೆ ಅಂತ ಸರ್ಟಿಫಿಕೇಟ್ ನೋಡಿ. ಶೇ. 60ಕ್ಕೆ ಹೊಂದಿಸಿದ ಮೀಟರ್ ಶೇ. 50ರ ಗ್ಯಾಸಿಗೆ ತಪ್ಪು ಹೇಳುತ್ತದೆ. ನೀರಿನ ಹನಿ ಸೆನ್ಸರ್‌ಗೆ ತಾಗಿದರಂತೂ ಅಂಕಿ ಮೇಲಕ್ಕೆ ಹಾರುತ್ತದೆ, ಅದಕ್ಕೆ ಮೊದಲು ಕಂಡೆನ್ಸೇಟ್ ಟ್ರ್ಯಾಪ್ ಇರಲೇಬೇಕು.

ಎರಡನೆಯ ತಪ್ಪು ಇನ್ನೊಂದು ತುದಿಯಲ್ಲಿದೆ. ಅನಲೈಸರ್ ಹೇಳುವ ಶೇ. 95 ಪರಿಮಾಣದಲ್ಲಿ, ತೂಕದಲ್ಲಲ್ಲ. ಉಳಿದ ಶೇ. 5 ಸಿಒ2 ಮೀಥೇನ್‌ಗಿಂತ ಎರಡೂಮುಕ್ಕಾಲು ಪಟ್ಟು ಭಾರ. 95 × 16 = 1,520; 5 × 44 = 220. ಅಂದರೆ ತೂಕದಲ್ಲಿ ಮೀಥೇನ್ 87.4%. ವೇಬ್ರಿಡ್ಜ್‌ನ 870 ಕೆಜಿಯಲ್ಲಿ ಮೀಥೇನ್ 760 ಕೆಜಿ. ಕೆಜಿಗೆ 50 ಎಂಜೆಯಂತೆ ನೀವು ಮಾರುವುದು ದಿನಕ್ಕೆ 38,000 ಎಂಜೆ. ಸಲಹೆಗಾರರು 43,500 ಹಿಡಿದಿರಬೇಕು. ಭಾಗಿಸುವ ಸಂಖ್ಯೆಯೇ ತಪ್ಪಾದರೆ ಮೇಲಿನದೆಲ್ಲ ವ್ಯರ್ಥ.

ಈಗ ನಿಜವಾದ ನಷ್ಟ 788 − 760 = 28 ಕೆಜಿ. ಶೇ. 3.6. ವಿಪಿಎಸ್‌ಎಗೆ ಇದು ನಂಬುವಂಥ ಅಂಕಿ. ಒಳ್ಳೆಯ ಮೆಂಬ್ರೇನ್‌ನಲ್ಲಿ ಶೇ. 0.5ರಿಂದ 1, ವಾಟರ್ ಸ್ಕ್ರಬ್ಬರ್‌ನಲ್ಲಿ 1ರಿಂದ 2, ಪಿಎಸ್‌ಎ ಜಾತಿಯದರಲ್ಲಿ (ವಿಪಿಎಸ್‌ಎಯೂ ಇದೇ ಜಾತಿ) 2ರಿಂದ 4 ಹೋಗುವುದು ಸಾಮಾನ್ಯ.

ಪರೀಕ್ಷೆ ಮಾಡಲು ಒಂದು ದಾರಿ ಇದೆ. ಕಚ್ಚಾ ಗ್ಯಾಸ್‌ನಲ್ಲಿ ಸಿಒ2 900 ಘನ ಮೀಟರ್, ಸಿಬಿಜಿ ಜೊತೆ ಹೋದದ್ದು 56, ಉಳಿಕೆ ಗ್ಯಾಸ್‌ನಲ್ಲಿ 844. 28 ಕೆಜಿ ಮೀಥೇನ್ ಅಂದರೆ 39 ಘನ ಮೀಟರ್. ನಷ್ಟವೆಲ್ಲ ವಿಪಿಎಸ್‌ಎಯಲ್ಲೇ ಆಗುತ್ತಿದ್ದರೆ ಉಳಿಕೆ ಗ್ಯಾಸಿನ ಪೈಪಿನಲ್ಲಿ ಮೀಥೇನ್ ಶೇ. 4.4 ಕಾಣಬೇಕು. ಶೇ. 2 ಮಾತ್ರ ಕಂಡರೆ ಉಳಿದರ್ಧ ಬೇರೆ ಕಡೆ ಹೋಗುತ್ತಿದೆ: ಗ್ಯಾಸ್ ಹೋಲ್ಡರಿನ ಅಂಚು, ಪ್ರೆಶರ್ ರಿಲೀಫ್ ವಾಲ್ವ್, ಕಂಪ್ರೆಸರ್ ಪ್ಯಾಕಿಂಗ್. ಮೊದಲು ನೋಡಬೇಕಾದ್ದು ರಿಲೀಫ್ ವಾಲ್ವ್. ಅದರ ನೀರಿನ ಸೀಲ್ ಬೇಸಿಗೆಯಲ್ಲಿ ಒಣಗಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಮೂಡಿಗೆರೆ_ಎಲ್‌ಸಿಎ:

ಮೇಲಿನವರು ಅಳತೆ ಸರಿಮಾಡಿಕೊಟ್ಟರು. ಅದೇ ಅಂಕಿಗಳಿಂದ ಮುಂದುವರಿಸುತ್ತೇನೆ.

ನಿಮ್ಮ ಖರೀದಿದಾರರು ಕೇಳುತ್ತಿರುವುದು ಯುರೋಪಿನ ಫ್ಯುಯೆಲ್‌ಇಯು ಮ್ಯಾರಿಟೈಮ್ ನಿಯಮಕ್ಕೆ. 5,000 ಗ್ರಾಸ್ ಟನ್ನೇಜ್‌ಗಿಂತ ದೊಡ್ಡ ಹಡಗುಗಳು 91.16 ಗ್ರಾಂ/ಎಂಜೆ ಮಟ್ಟದಿಂದ 2025ರಲ್ಲಿ ಶೇ. 2, 2030ರಲ್ಲಿ ಶೇ. 6, ಹೀಗೆ 2050ಕ್ಕೆ ಶೇ. 80 ಇಳಿಸಬೇಕು. ಜೈವಿಕ ಇಂಧನದ ಅಂಕಿಯನ್ನು ಅಲ್ಲಿ ನವೀಕರಿಸಬಹುದಾದ ಇಂಧನ ನಿರ್ದೇಶನದ (ಆರ್‌ಇಡಿ) ಕ್ರಮದಲ್ಲೇ ಲೆಕ್ಕ ಹಾಕುತ್ತಾರೆ. ಆ ಕ್ರಮ ಬಿಡಿಸಿ ಹೇಳಿದರೆ ಹೀಗೆ: ಕಚ್ಚಾವಸ್ತು ಬೆಳೆಯುವ ಹೊರೆ, ಭೂಬಳಕೆ ಬದಲಾವಣೆಯ ಹೊರೆ, ಸಂಸ್ಕರಣೆ, ಸಾಗಣೆ, ಬಳಕೆ ಇವನ್ನು ಕೂಡಿಸಿ, ಮಣ್ಣು–ಗೊಬ್ಬರ ನಿರ್ವಹಣೆ ಸುಧಾರಣೆ ಮತ್ತು ಹಿಡಿದಿಟ್ಟ ಸಿಒ2 ಕಳೆಯುವುದು. ಸಗಣಿ, ಸಿಪ್ಪೆಯಂಥ ತ್ಯಾಜ್ಯ–ಉಳಿಕೆಗಳಿಗೆ ಸಂಗ್ರಹಿಸುವ ಜಾಗದವರೆಗಿನ ಹೊರೆ ಸೊನ್ನೆ. ಹಸುವಿನ ಮೇವು, ತೋಟದ ಯೂರಿಯಾ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

38,000 ಎಂಜೆಗೆ ಹಂಚಿದರೆ:

ಕರೆಂಟ್: 1,000 ಯೂನಿಟ್‌ಗೆ ನಮ್ಮ ಗ್ರಿಡ್‌ನಲ್ಲಿ ಸುಮಾರು 0.72 ಕೆಜಿಯಂತೆ 720 ಕೆಜಿ, ಅಂದರೆ 18.9 ಗ್ರಾಂ/ಎಂಜೆ.
ಉಳಿಕೆ ಗ್ಯಾಸ್: 28 ಕೆಜಿ ಮೀಥೇನ್ × 28 (ಮೀಥೇನ್ ಸಿಒ2ಗಿಂತ ಅಷ್ಟು ಪಟ್ಟು ಬಿಸಿಯೇರಿಸುತ್ತದೆ ಅನ್ನುವ ಗುಣಕ) = 784 ಕೆಜಿ, 20.6 ಗ್ರಾಂ.
ಡೀಸೆಲ್: 185 ಲೀಟರ್. ಹೊಗೆಕೊಳವೆಯಲ್ಲಿ ಲೀಟರಿಗೆ 2.68 ಕೆಜಿ, ಬಾವಿಯಿಂದ ಬಂಕ್‌ವರೆಗಿನದು ಸೇರಿಸಿ 3.3 ಹಿಡಿದರೆ 16.1 ಗ್ರಾಂ.
ತೆರೆದ ಹೊಂಡ: ಹುಟ್ಟಿದ ಮೀಥೇನ್‌ನ ಶೇ. 5ರಷ್ಟು ಬಗ್ಗಡದಿಂದ ಮತ್ತೆ ಹೊರಬರುತ್ತದೆ ಅಂದುಕೊಂಡರೆ 29 ಗ್ರಾಂ.

ಒಟ್ಟು ಸುಮಾರು 85. ಪೆಟ್ರೋಲ್–ಡೀಸೆಲ್‌ಗೆ ಆರ್‌ಇಡಿ ಇಟ್ಟಿರುವ ಹೋಲಿಕೆ ಅಂಕಿ 94. 2021ರ ನಂತರ ಶುರುವಾದ ಘಟಕ ಶೇ. 65 ಉಳಿಸಬೇಕು, ಅಂದರೆ 32.9 ದಾಟಬಾರದು. ಈಗಿರುವ ಸ್ಥಿತಿಯಲ್ಲಿ ಉಳಿತಾಯ ಶೇ. 10 ಮಾತ್ರ. ಒಂದು ಸೂತ್ರ ನೆನಪಿಟ್ಟುಕೊಳ್ಳಿ: ಮೀಥೇನ್ ಸೋರಿಕೆ ಶೇ. 1 ಹೆಚ್ಚಾದರೆ ಅಂಕಿ 5.6 ಏರುತ್ತದೆ. (ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ 4ನೇ ವರದಿಯ ಗುಣಕ 25 ಬಳಸಿದರೆ 5. ಐದನೇ ವರದಿಯದು 28. ನೀವು ಯಾವ ನಿಯಮಕ್ಕೆ ಲೆಕ್ಕ ಕೊಡುತ್ತೀರೋ ಅದು ಹೇಳುವ ಗುಣಕ ಬಳಸಿ, ಎರಡನ್ನೂ ಬೆರೆಸಬೇಡಿ.)

ಇನ್ನು ಮೈನಸ್ 300ರ ವಿಷಯ. ಇದೇ ಎಲ್ಲಕ್ಕಿಂತ ಮುಖ್ಯ. ಸಗಣಿ ಘಟಕಕ್ಕೆ ಬರದೇ ಹೋಗಿದ್ದರೆ ಅದರಿಂದ ಎಷ್ಟು ಮೀಥೇನ್ ಹೊರಬರುತ್ತಿತ್ತು ಅನ್ನುವುದಕ್ಕೆ ಪ್ರತಿ ನಿಯಮದ ಉತ್ತರ ಬೇರೆ. ಕ್ಯಾಲಿಫೋರ್ನಿಯಾದ ಎಲ್‌ಸಿಎಫ್‌ಎಸ್ (ಕಡಿಮೆ ಇಂಗಾಲದ ಇಂಧನ ನಿಯಮ) ಲೆಕ್ಕದಲ್ಲಿ ಅಲ್ಲಿನ ಡೇರಿಗಳ ಸಗಣಿ ನೀರಿನ ಜೊತೆ ದೊಡ್ಡ ಕೊಳಗಳಿಗೆ ಹರಿಯುತ್ತದೆ. ಗಾಳಿಯಾಡದ ಕೊಳದಲ್ಲಿ ಹುಟ್ಟಬಹುದಾದ ಮೀಥೇನ್‌ನ ಶೇ. 75ರ ಆಸುಪಾಸು ಹುಟ್ಟಿಯೇ ಹುಟ್ಟುತ್ತದೆ. ನಮ್ಮ ಹಳ್ಳಿಯ ತಿಪ್ಪೆ ಒಣ ರಾಶಿ. ಈ ಹವೆಗೆ ಐಪಿಸಿಸಿ ಕೊಡುವ ಪ್ರಮಾಣ ಶೇ. 4. ನಿಮ್ಮ 60 ಟನ್‌ನಲ್ಲಿ ಕೊಳೆಯಬಲ್ಲ ಘನಾಂಶ 9.6 ಟನ್, ಭಾರತದ ಹೈನುರಾಸಿಗೆ ಕೆಜಿಗೆ 0.13 ಘನ ಮೀಟರ್‌ನಂತೆ ಗರಿಷ್ಠ 1,248 ಘನ ಮೀಟರ್ ಮೀಥೇನ್. ತಿಪ್ಪೆ ಅಂತ ಹಿಡಿದರೆ ಗಾಳಿಗೆ ಸೇರದೆ ತಪ್ಪಿದ ಮೀಥೇನ್ (ಇಲ್ಲಿ ಐಪಿಸಿಸಿ ಲೆಕ್ಕದಂತೆ ಘನ ಮೀಟರ್‌ಗೆ 0.67 ಕೆಜಿ) ಸುಮಾರು 33 ಕೆಜಿ, ಮೈನಸ್ 25 ಗ್ರಾಂ/ಎಂಜೆ. ಕೊಳ ಅಂತ ಹಿಡಿದರೆ 627 ಕೆಜಿ, ಮೈನಸ್ 462 ಗ್ರಾಂ. ಆರ್‌ಇಡಿ ಈ ಪ್ರಶ್ನೆಯನ್ನೇ ಕೇಳದೆ ಹಸಿ ಸಗಣಿ ಟನ್‌ಗೆ ಒಂದೇ ಸಮನೆ 54 ಕೆಜಿ ಕಳೆಯುತ್ತದೆ: 3,240 ಕೆಜಿ, ಅಂದರೆ ಮೈನಸ್ 85.

ಹಾಗಾಗಿ ಇದೇ ಘಟಕ, ಇದೇ ದಿನ: ಕಳೆಯುವುದೇ ಇಲ್ಲದಿದ್ದರೆ 85, ತಿಪ್ಪೆ ಲೆಕ್ಕದಲ್ಲಿ 60, ಆರ್‌ಇಡಿಯಲ್ಲಿ ಸೊನ್ನೆ, ಕೊಳದ ಲೆಕ್ಕದಲ್ಲಿ ಮೈನಸ್ 377. ನಿಮ್ಮ ಎರಡನೇ ಸಲಹೆಗಾರರು ಕೊಳದ ಲೆಕ್ಕ ಹಾಕಿದ್ದಾರೆ. ಹಾಸನ ಜಿಲ್ಲೆಯ ಕೊಟ್ಟಿಗೆ ಸಗಣಿಗೆ ಅದು ಸುಳ್ಳು ಲೆಕ್ಕ. ಆಡಿಟರ್ ಒಂದು ಹಳ್ಳಿಗೆ ಬಂದು ತಿಪ್ಪೆ ನೋಡಿದರೆ ಅಲ್ಲಿಗೇ ಮುಗಿಯಿತು.

ಆರ್‌ಇಡಿಯಲ್ಲಿ ಹೇಗೂ ಸೊನ್ನೆ ಬರುತ್ತದಲ್ಲ, ಹೊಂಡ ಮುಚ್ಚುವುದು ಯಾಕೆ ಅಂತ ಕೇಳಬಹುದು. ಅದೇ ನಿರ್ದೇಶನ ಹಸಿ ಸಗಣಿಯ ಬಯೋಮೀಥೇನ್‌ಗೆ ಕೊಟ್ಟಿರುವ ಡೀಫಾಲ್ಟ್ ಅಂಕಿ ನೋಡಿ. ತೆರೆದ ಹೊಂಡ, ಉಳಿಕೆ ಗ್ಯಾಸ್ ಗಾಳಿಗೆ: 22. ತೆರೆದ ಹೊಂಡ, ಉಳಿಕೆ ಗ್ಯಾಸ್ ಸುಟ್ಟರೆ: 1. ಮುಚ್ಚಿದ ಹೊಂಡ, ಸುಡದಿದ್ದರೆ: ಮೈನಸ್ 79. ಎರಡನ್ನೂ ಮಾಡಿದರೆ: ಮೈನಸ್ 100. ಹಡಗಿನವರಿಗೆ ಪಾಸು–ಫೇಲು ಮುಖ್ಯವಲ್ಲ, ಒಂದೊಂದು ಗ್ರಾಮೂ ಹಣ. ಅದಕ್ಕಿಂತ, ಹೊಂಡದಿಂದ ಏಳುವ ಮೀಥೇನ್ ನಿಜವಾದದ್ದು. ಕಾಗದದ ಮೇಲೆ ಕಳೆದರೂ ಅದು ಗಾಳಿಯಲ್ಲಿ ಇದ್ದೇ ಇರುತ್ತದೆ.

ಅಮೆರಿಕದ ಫೆಡರಲ್ ನಿಯಮದ ದಾರಿಯೇ ಬೇರೆ. 2007ರ ಕಾನೂನು 2005ರ ಪೆಟ್ರೋಲ್, ಡೀಸೆಲ್‌ಗೆ ಹೋಲಿಸಿ ಶೇ. 20, 50, 60 ಅಂತ ಮೆಟ್ಟಿಲು ಹಾಕಿದೆ. ಘಟಕಕ್ಕೊಂದು ಅಂಕಿ ಇಲ್ಲ, ಕಚ್ಚಾವಸ್ತು–ವಿಧಾನಕ್ಕೊಂದು ದರ್ಜೆ. ಅಲ್ಲಿ ಚೆನ್ನಾಗಿ ನಡೆಸಿದ ಘಟಕಕ್ಕೂ ಸೋರುವ ಘಟಕಕ್ಕೂ ಒಂದೇ ಬೆಲೆ. ನನ್ನ ಮಟ್ಟಿಗೆ ಇದು ಆ ವ್ಯವಸ್ಥೆಯ ದೊಡ್ಡ ಕೊರತೆ.

ಪಲ್ಪರ್‌ಮನೆ_ಚಿಕ್ಕಮಗಳೂರು:

ಕಾಫಿ ಸಿಪ್ಪೆ ಬಗ್ಗೆ ಎರಡು ಮಾತು. ಆ 54 ಕೆಜಿ ಕಡಿತ ಸಗಣಿಗೆ ಮಾತ್ರ, ಸಿಪ್ಪೆಗೆ ಇಲ್ಲ. ಹಾಗಾಗಿ ಆಡಿಟ್‌ನಲ್ಲಿ ಗ್ಯಾಸನ್ನು ಕಚ್ಚಾವಸ್ತುವಾರು ಬೇರ್ಪಡಿಸಬೇಕಾಗುತ್ತದೆ. ಟನ್ ಮೇಲೆ ಹಂಚಬೇಡಿ, ಹುಟ್ಟುವ ಗ್ಯಾಸಿನ ಮೇಲೆ ಹಂಚಿ. 60 ಟನ್ ಸಗಣಿಯಿಂದ 1,500 ಘನ ಮೀಟರ್, 10 ಟನ್ ಸಿಪ್ಪೆಯಿಂದ 500 ಅನ್ನುವುದಾದರೆ ಪಾಲು 75–25. ತೂಕ ನೋಡಿದರೆ 86–14 ಆಗಿಬಿಡುತ್ತದೆ. (ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಸಗಣಿ ಟನ್‌ಗೆ 40 ಘನ ಮೀಟರ್ ಬರೆದಿರುತ್ತಾರೆ. ತಿಪ್ಪೆಯಲ್ಲಿ ವಾರ ಕೂತು ಮಣ್ಣು ಬೆರೆತ ಸಗಣಿಯಿಂದ ಅಷ್ಟು ಬರುವುದಿಲ್ಲ.) ನಿಮ್ಮ ಮಿಶ್ರಣದ ಪಾಲು ಸಾಬೀತು ಮಾಡಲು ಪ್ರತಿ ಕಚ್ಚಾವಸ್ತುವಿನ ಘನಾಂಶ, ಗ್ಯಾಸ್ ಇಳುವರಿ ಪರೀಕ್ಷೆಯ ವರದಿ ಇರಬೇಕು.

ಅರೇಬಿಕಾ ಪಲ್ಪಿಂಗ್ ನವೆಂಬರ್‌ನಿಂದ ಜನವರಿ, ರೊಬಸ್ಟಾ ಅದರ ಹಿಂದೆಯೇ. ಮಾರ್ಚ್ ಕಳೆದರೆ ಸಿಪ್ಪೆ ಇಲ್ಲ. ಸೀಸನ್ನಿನ ಒಂದು ದಿನದ ಅಂಕಿ ಹಿಡಿದು ವರ್ಷದ ಅಂಕಿ ಅಂತ ಕೊಡಬೇಡಿ. ಯುರೋಪಿನ ಮಾಸ್ ಬ್ಯಾಲೆನ್ಸ್ ಅವಧಿ ಘಟಕಕ್ಕೆ ಮೂರು ತಿಂಗಳು, ಅಷ್ಟರೊಳಗೆ ಬಂದದ್ದು–ಹೋದದ್ದು ತಾಳೆಯಾಗಬೇಕು.

ಹಸಿ ಸಿಪ್ಪೆಯ ಪಿಎಚ್ 4ರ ಹತ್ತಿರ. ರಾಶಿ ಹಾಕಿದರೆ ಎರಡು ಮೂರು ದಿನದಲ್ಲೇ ಹುಳಿ ಇನ್ನೂ ಏರುತ್ತದೆ. ಒಮ್ಮೆಲೇ 10 ಟನ್ ಸುರಿದರೆ ಡೈಜೆಸ್ಟರ್ ಕೆಡುತ್ತದೆ. ಮೊದಲ ವಾರ ದಿನಕ್ಕೆ 2 ಟನ್‌ನಿಂದ ಶುರು ಮಾಡಿ ಮೂರು ವಾರದಲ್ಲಿ ಏರಿಸಿ. ಆಮ್ಲ–ಕ್ಷಾರದ ಅನುಪಾತ 0.4 ದಾಟಿದರೆ ಸಿಪ್ಪೆ ನಿಲ್ಲಿಸಿ ಬರೀ ಸಗಣಿ ಹಾಕಿ. ಹುಳಿಯಾದ ಡೈಜೆಸ್ಟರ್‌ನಲ್ಲಿ ಮೀಥೇನ್ ಶೇ. 45ಕ್ಕೆ ಇಳಿಯುತ್ತದೆ, ವಿಪಿಎಸ್‌ಎ ಅದನ್ನು ತೆಗೆದುಕೊಳ್ಳುವುದಿಲ್ಲ, ಗ್ಯಾಸ್ ಫ್ಲೇರ್‌ಗೆ (ಬೇಡದ ಗ್ಯಾಸ್ ಸುಡುವ ಕೊಳವೆ) ಹೋಗುತ್ತದೆ. ಫ್ಲೇರ್‌ಗೆ ಹೋದರೆ ಸುಟ್ಟಂತೆ ಅಂತ ತಿಳಿಯಬೇಡಿ. ಅಳತೆ ಇಲ್ಲದ ತೆರೆದ ಫ್ಲೇರ್‌ಗೆ ಸಿಡಿಎಂ (ವಿಶ್ವಸಂಸ್ಥೆಯ ಕಾರ್ಬನ್ ಕ್ರೆಡಿಟ್ ಯೋಜನೆ) ವಿಧಾನ ಒಪ್ಪುವ ದಕ್ಷತೆ ಶೇ. 50, ಮುಚ್ಚಿದ ಫ್ಲೇರ್‌ಗೆ ಶೇ. 90. ಎರಡು ದಿನದ ಹುಳಿ ಇಡೀ ತಿಂಗಳ ಅಂಕಿ ಕೆಡಿಸಬಲ್ಲದು.

ಸಿಪ್ಪೆ ಕೊಟ್ಟ ತೋಟಕ್ಕೆ ಬಗ್ಗಡ ವಾಪಸ್ ಹೋಗಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಿಪ್ಪೆಯ ಪೊಟ್ಯಾಷ್ ತೋಟದ್ದು. ಅದು ಹೋಗಿ ಬದಲಿಗೆ ಮೂಟೆ ಗೊಬ್ಬರ ಬಂದರೆ ಆ ಹೊರೆ ನಿಯಮದ ಗಡಿಯ ಹೊರಗಿದ್ದರೂ ತೋಟದ ಖರ್ಚಿನಲ್ಲಿ ಕಾಣುತ್ತದೆ.

ತಿಪ್ಪೆಗುಂಡಿ_ಹಾಸನ:

ತುಂಬಾ ಧನ್ಯವಾದ. ಮೀಟರ್ ಹಾಳೆ ತೆಗೆದು ನೋಡಿದೆ, ತಿದ್ದುಪಡಿ ಆಗಿಲ್ಲ, ಕಚ್ಚಾ ಘನ ಮೀಟರೇ. ಉಳಿಕೆ ಗ್ಯಾಸಿನಲ್ಲಿ ಮೀಥೇನ್ ಇವತ್ತು ಶೇ. 4.1 ತೋರಿಸಿತು.

ಎರಡು ಪ್ರಶ್ನೆ. ಕರೆಂಟ್‌ಗೆ ಓಪನ್ ಆಕ್ಸೆಸ್‌ನಲ್ಲಿ (ಹೊರಗಿನ ಉತ್ಪಾದಕರಿಂದ ಗ್ರಿಡ್ ಮೂಲಕ) ಸೋಲಾರ್ ಕೊಂಡರೆ 18.9 ಸೊನ್ನೆಯಾಗುತ್ತದಾ? ಮತ್ತೆ ನಮ್ಮ ದೇಶದ ನಿಯಮಕ್ಕೆ ಈ ಅಂಕಿ ಎಲ್ಲಾದರೂ ಬೇಕಾ?

ಮೂಡಿಗೆರೆ_ಎಲ್‌ಸಿಎ:

4.1 ಅಂದರೆ ಬಹುಪಾಲು ನಷ್ಟ ಅಲ್ಲೇ. ಬೇರೆ ಕಡೆಯ ಸೋರಿಕೆ ಎರಡು–ಮೂರು ಕೆಜಿ ಇರಬಹುದು. ಅದಕ್ಕೆ ಸೋಪಿನ ನೀರು, ಕೈಯಲ್ಲಿ ಹಿಡಿಯುವ ಮೀಥೇನ್ ಡಿಟೆಕ್ಟರ್ ಸಾಕು.

ಓಪನ್ ಆಕ್ಸೆಸ್ ಸೋಲಾರ್ ಆರ್‌ಇಡಿಯಲ್ಲಿ ನಡೆಯುವುದಿಲ್ಲ. ಘಟಕದ ಹೊರಗೆ ತಯಾರಾಗಿ ಗ್ರಿಡ್ ಮೂಲಕ ಬಂದ ಕರೆಂಟ್‌ಗೆ ಆ ಪ್ರದೇಶದ ಸರಾಸರಿ ಅಂಕಿಯನ್ನೇ ಹಾಕಬೇಕು. ಗ್ರಿಡ್‌ಗೆ ಸೇರಿಸದೆ ನೇರ ನಿಮ್ಮ ಘಟಕದ ವಿದ್ಯುತ್ ಬೋರ್ಡ್‌ಗೆ ಬರುವ ಸೋಲಾರ್ ಆದರೆ ಅದರದೇ ಅಂಕಿ. ಕಂಪ್ರೆಸರ್ ಹಗಲಲ್ಲೇ ಓಡಿಸುವಂತೆ ಮಾಡಿ ಒಟ್ಟು ಯೂನಿಟ್‌ನ ಅರ್ಧದಷ್ಟನ್ನು ನೇರ ಸೋಲಾರ್‌ಗೆ ತಂದರೆ ಸುಮಾರು 9.5 ಇಳಿಯುತ್ತದೆ. ಹೊಂಡ ಮುಚ್ಚಿ ಆ ಗ್ಯಾಸ್ ಹಿಡಿದು, ಉಳಿಕೆ ಗ್ಯಾಸ್ ಸುಟ್ಟರೆ 85ರಿಂದ 35ರ ಸುತ್ತ ಬರುತ್ತೀರಿ; ಸೋಲಾರ್ ಸೇರಿ 26. ಸಗಣಿಯ ಕಡಿತ ಒಂದು ಗ್ರಾಂ ಬಳಸದೆಯೇ 32.9ರ ಒಳಗೆ. ಸಿಪ್ಪೆಯ ಪಾಲಿಗೆ ನಿಮಗೆ ಇದೇ ಬೇಕು. ಒಂದು ಎಚ್ಚರಿಕೆ: ಶೇ. 4 ಮೀಥೇನ್ ಇರುವ ಗ್ಯಾಸ್ ತಾನಾಗಿ ಉರಿಯುವುದಿಲ್ಲ. ಸಾದಾ ಬರ್ನರ್ ಸಾಲದು. ಥರ್ಮಲ್ ಆಕ್ಸಿಡೈಸರ್ (ಹೆಚ್ಚಿನ ಶಾಖದಲ್ಲಿ ಸುಡುವ ಕುಲುಮೆ) ಬೇಕು, ಇಲ್ಲವೇ ಕಚ್ಚಾ ಗ್ಯಾಸ್ ಸ್ವಲ್ಪ ಬೆರೆಸಿ ಬಾಯ್ಲರಿನಲ್ಲಿ ಸುಟ್ಟು ಆ ಶಾಖ ಡೈಜೆಸ್ಟರ್‌ಗೆ ಕೊಡಬೇಕು.

ನಮ್ಮ ದೇಶದಲ್ಲಿ ಗ್ಯಾಸ್ ಕಂಪನಿಗಳು ಸಿಬಿಜಿ ಬೆರೆಸಬೇಕೆಂಬ ಕಡ್ಡಾಯ ನಿಯಮ ಪ್ರಮಾಣವನ್ನು ಎಣಿಸುತ್ತದೆ, ಗ್ರಾಮನ್ನಲ್ಲ: 2025-26ಕ್ಕೆ ಶೇ. 1, ಮುಂದೆ 3, 4, 2028-29ರಿಂದ 5. ಎಥನಾಲ್ ಶೇ. 20 ಮಿಶ್ರಣವೂ ಹಾಗೇ. ಹೊರಸೂಸುವಿಕೆಯ ಅಂಕಿಯನ್ನೇ ಮಿತಿಯಾಗಿ ಇಟ್ಟಿರುವುದು 2023ರ ಆಗಸ್ಟ್‌ನ ಹಸಿರು ಹೈಡ್ರೋಜನ್ ಮಾನದಂಡ: ಕೆಜಿ ಹೈಡ್ರೋಜನ್‌ಗೆ 2 ಕೆಜಿ ಸಿಒ2 ಸಮಾನ, 12 ತಿಂಗಳ ಸರಾಸರಿ. ಎಂಜೆಗೆ ತಂದರೆ 16.7 ಗ್ರಾಂ. ನಿಮ್ಮ ಗ್ಯಾಸಿನಿಂದ ಯಾರಾದರೂ ಹೈಡ್ರೋಜನ್ ಮಾಡುವುದಾದರೆ ಅಲ್ಲೂ ಇದೇ ದಾಖಲೆ ಬೇಕಾಗುತ್ತದೆ.

ಹೊಂಗೆನೆರಳು:

ಹೊಂಗೆಯ ಪ್ರಶ್ನೆಗೆ ಉತ್ತರ. ಹಾಸನದವರಿಗೆ ಮಡೆನೂರಿನ ಜೈವಿಕ ಇಂಧನ ಪಾರ್ಕ್ ಗೊತ್ತೇ ಇದೆ, ಹೊಂಗೆ, ಹಿಪ್ಪೆ, ಬೇವು, ಸಿಮರೂಬ ಎಲ್ಲ ಅಲ್ಲಿ ನೋಡಲು ಸಿಗುತ್ತವೆ. ಸೂತ್ರ ಅದೇ. ಆದರೆ ಇಲ್ಲಿ ಜಗಳ ಸೋರಿಕೆಯದಲ್ಲ, ಹಿಂಡಿಯದು. ಗಾಣದಲ್ಲಿ 1,000 ಕೆಜಿ ಬೀಜ ಅರೆದು 270 ಕೆಜಿ ಎಣ್ಣೆ, 700 ಕೆಜಿ ಹಿಂಡಿ ಬಂತು ಅನ್ನಿ. ಬೀಜ ಆರಿಸಿ, ಸಾಗಿಸಿ, ಅರೆದ ಹೊರೆಯಲ್ಲಿ ಎಣ್ಣೆಯ ಪಾಲು ಎಷ್ಟು? ತೂಕದಂತೆ ಶೇ. 28. ಆರ್‌ಇಡಿ ಹೇಳುವುದು ಶಾಖಮೌಲ್ಯದಂತೆ: ಎಣ್ಣೆ ಕೆಜಿಗೆ 37 ಎಂಜೆ, ಹಿಂಡಿ 18 ಹಿಡಿದರೆ ಶೇ. 44. ಹಿಂಡಿ ಎಷ್ಟು ಗೊಬ್ಬರ ಉಳಿಸಿತು ಅಂತ ನೋಡುವ ನಿಯಮದಲ್ಲಿ ಉತ್ತರ ಇನ್ನೊಂದೇ.

ಬದುವಿನ, ರಸ್ತೆಬದಿಯ ಹಳೇ ಮರವಾದರೆ ಭೂಬಳಕೆ ಬದಲಾವಣೆ ಸೊನ್ನೆ. ಹೊಸ ನೆಡುತೋಪಾದರೆ 2008ರ ಜನವರಿಯಲ್ಲಿ ಆ ಜಾಗದಲ್ಲಿ ಏನಿತ್ತು ಅಂತ ತೋರಿಸಬೇಕು. ಕಾಡು ಕಡಿದದ್ದಾದರೆ ಬಾಗಿಲೇ ಮುಚ್ಚಿತು. ಎಲ್ಲರೂ ಮರೆಯುವುದು ಮೆಥನಾಲ್. 100 ಕೆಜಿ ಎಣ್ಣೆಗೆ ಸುಮಾರು 11 ಕೆಜಿ ಮೆಥನಾಲ್ ಪ್ರತಿಕ್ರಿಯೆಯಲ್ಲೇ ಸೇರುತ್ತದೆ. ಪೇಟೆಯಲ್ಲಿ ಸಿಗುವ ಮೆಥನಾಲ್ ಸಾಮಾನ್ಯವಾಗಿ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ಬಂದದ್ದು, ಆ ಹೊರೆ ಇಂಧನಕ್ಕೇ.

ಅಳತೆ_ಮೊದಲು:

ಆಡಿಟ್‌ಗೆ ಮೊದಲು ಇಷ್ಟು ಮಾಡಿ. ಪ್ರತಿ ಟಿಪ್ಪರ್‌ಗೆ ವೇಬ್ರಿಡ್ಜ್ ಚೀಟಿ, ಅದರಲ್ಲಿ ಊರು, ಕಚ್ಚಾವಸ್ತು, ದೂರ. ಡೀಸೆಲ್ ಬಿಲ್ ಗಾಡಿವಾರು. ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆಗಿ ಕ್ಯಾಸ್ಕೇಡ್ ಸುತ್ತು ಹಾಕಿ ಹೋದರೆ ಆ ಲೀಟರ್‌ಗಳೂ ಸೇರಬೇಕು. ಕಂಪ್ರೆಸರ್, ವಿಪಿಎಸ್‌ಎ, ಡೈಜೆಸ್ಟರ್‌ಗೆ ಮೂರು ಸಬ್‌ಮೀಟರ್. ಉಳಿಕೆ ಗ್ಯಾಸಿಗೆ ಒಂದು ಫ್ಲೋಮೀಟರ್, ಮೀಥೇನ್ ಅನಲೈಸರ್‌ಗೆ ಶೇ. 5ರ ಕ್ಯಾಲಿಬ್ರೇಷನ್ ಸಿಲಿಂಡರ್ ಬೇರೆ ಇಡಿ. ಶೇ. 95ರ ಸಿಲಿಂಡರ್‌ನಿಂದ ಹೊಂದಿಸಿದ ಅನಲೈಸರ್ ಶೇ. 4ರಲ್ಲಿ ಒಂದು ಪಾಯಿಂಟ್ ಹೆಚ್ಚುಕಮ್ಮಿ ಹೇಳಿದರೂ ನಿಮ್ಮ ಅಂಕಿ ಐದು ಗ್ರಾಂ ಅಲ್ಲಾಡುತ್ತದೆ.

ಹೊಂಡಕ್ಕೆ ಶೇ. 5 ಅನ್ನುವುದು ಊಹೆ, ಅಳೆಯಬಹುದು. ಡೈಜೆಸ್ಟರ್‌ನಿಂದ ಹೊರಬಂದ ಬಗ್ಗಡ ಎರಡು ಲೀಟರ್ ಗಾಳಿಯಾಡದ ಬಾಟಲಿಯಲ್ಲಿ ಹೊಂಡದ ಉಷ್ಣತೆಯಲ್ಲೇ 60 ದಿನ ಇಟ್ಟು ಎಷ್ಟು ಗ್ಯಾಸ್ ಬರುತ್ತದೆ ನೋಡಿ. ಬಗ್ಗಡ ಡೈಜೆಸ್ಟರ್‌ನಲ್ಲಿ ನಿಲ್ಲುವ ದಿನಗಳು 25ಕ್ಕಿಂತ ಕಡಿಮೆಯಿದ್ದರೆ ಅಂಕಿ ಶೇ. 5 ಮೀರಿದರೂ ಆಶ್ಚರ್ಯವಿಲ್ಲ. ಸಿಪ್ಪೆ ಸೇರಿದ ದಿನಗಳಲ್ಲಿ ಒಮ್ಮೆ, ಬರೀ ಸಗಣಿಯ ದಿನಗಳಲ್ಲಿ ಒಮ್ಮೆ ಮಾಡಿ. ಸೀಸನ್ ಮುಗಿಯುವ ಮೊದಲೇ ಬಾಟಲಿ ತುಂಬಿಸಿಕೊಳ್ಳಿ, ಇಲ್ಲದಿದ್ದರೆ ಮುಂದಿನ ನವೆಂಬರ್‌ವರೆಗೆ ಕಾಯಬೇಕು.